ಹಳೆಯ ತಂಡ: ಕೆಡವಿ ಕಟ್ಟುವುದೋ, ದುರಸ್ತಿ ಮಾಡುವುದೋ?

ಒಂದು ಆಟದ ತಂಡಕ್ಕೆ ವಯಸ್ಸಾಯಿತೆಂದು ಯಾವಾಗ ಹೇಳಬೇಕು? ತಂಡ ಸೋತ ದಿನ ಈ ಪ್ರಶ್ನೆಗೆ ಉತ್ತರ ಕೊಡುವವರು ಊರ ತುಂಬ ಸಿಗುತ್ತಾರೆ. ಉದಯಗಿರಿಯ ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತವರೂ ಹೇಳುತ್ತಾರೆ; ಮನೆಯಲ್ಲಿ ರೇಡಿಯೋದ ಮುಂದೆ ಕುಳಿತು ವೀಕ್ಷಕ ವಿವರಣೆ ಕೇಳುವ ನೀವೂ ಹೇಳಿರುತ್ತೀರಿ: “ಈ ಹಳಬರನ್ನೆಲ್ಲ ಮನೆಗೆ ಕಳಿಸಿ ಹುಡುಗರನ್ನು ಆಡಿಸಬಾರದೆ?” ಮನೆಯ ಹಿರಿಯರು ಒಪ್ಪುವುದಿಲ್ಲ. “ಅಷ್ಟು ಜನರನ್ನು ಒಟ್ಟಿಗೆ ತೆಗೆದರೆ ಉಳಿಯುವುದೇನು? ಇಬ್ಬರು ಮೂವರನ್ನು ಬದಲಿಸಿದರೆ ಸಾಕು” ಎನ್ನುತ್ತಾರೆ. ಒಬ್ಬರದು ಕೆಡವಿ ಕಟ್ಟುವ ಮಾತು, ಇನ್ನೊಬ್ಬರದು ದುರಸ್ತಿಯ ಮಾತು. ಎರಡರಲ್ಲೂ ಹುರುಳಿದೆ. ಯಾವುದು ಯಾವಾಗ ಸರಿ ಎಂಬುದನ್ನು ನಮ್ಮ ಹಾಕಿ ತಂಡದ ಇತಿಹಾಸವನ್ನೇ ಮುಂದಿಟ್ಟುಕೊಂಡು ನೋಡೋಣ.

ಮನೆಯ ವಿಷಯದಲ್ಲಿ ನಮಗೆ ಈ ವಿವೇಕ ಚೆನ್ನಾಗಿಯೇ ಇದೆ. ಮಾಳಿಗೆ ಸೋರಿತೆಂದು ಮೇಸ್ತ್ರಿಯನ್ನು ಕರೆದರೆ ಆತ ಮೊದಲು ಮನೆಯ ವಯಸ್ಸನ್ನು ಕೇಳುವುದಿಲ್ಲ. ತಳಪಾಯ ಕುಸಿದಿದೆಯೇ, ಗೋಡೆ ಬಿರುಕು ಬಿಟ್ಟಿದೆಯೇ ಎಂದು ನೋಡುತ್ತಾನೆ. ತಳಪಾಯ ಗಟ್ಟಿಯಾಗಿದ್ದರೆ ಗಾರೆಯ ಕೆಲಸದಲ್ಲಿ ಮುಗಿಯುತ್ತದೆ. ಆಟದ ವಿಷಯ ಬಂದಾಗ ಮಾತ್ರ ನಾವು ವಯಸ್ಸೊಂದನ್ನೇ ಕೇಳಿ ತೀರ್ಪು ಕೊಟ್ಟುಬಿಡುತ್ತೇವೆ.

ಕೆಡವಿ ಕಟ್ಟುವ ಮಾತು ಇಂದು ಇಷ್ಟು ಜೋರಾಗಿ ಕೇಳುವುದಕ್ಕೆ ಅಮೆರಿಕ ಮತ್ತು ಕೆನಡಾಗಳ ಐಸ್ ಹಾಕಿಯ ಪದ್ಧತಿಯೂ ಒಂದು ಕಾರಣ. ಅಲ್ಲಿ ಹಣ ಕೊಟ್ಟು ಆಟಗಾರರನ್ನು ಇಟ್ಟುಕೊಳ್ಳುವ 32 ತಂಡಗಳ ದೊಡ್ಡ ಲೀಗ್ ಒಂದಿದೆ. ಪ್ರತಿ ವರ್ಷ ಹೊಸ ತರುಣರನ್ನು ಸರದಿಯಂತೆ ಆರಿಸಿಕೊಳ್ಳುವ ಏರ್ಪಾಡಿದೆ. ಆ ಸರದಿಯಲ್ಲಿ ಕೆಳಗಿನ ಸ್ಥಾನದ ತಂಡಗಳಿಗೆ ಮೊದಲ ಅವಕಾಶ ಸಿಗುವ ಸಂಭವ ಹೆಚ್ಚು. ಅಂದರೆ ಚೆನ್ನಾಗಿ ಸೋತವನಿಗೆ ಚೆನ್ನಾದ ಹುಡುಗ ಸಿಗುತ್ತಾನೆ! ಷಿಕಾಗೋ ತಂಡ 2010, 2013 ಮತ್ತು 2015ರಲ್ಲಿ ಸ್ಟಾನ್ಲಿ ಕಪ್ ಗೆದ್ದಿತ್ತು. ಆ ಪೀಳಿಗೆಗೆ ವಯಸ್ಸಾದಾಗ ತಂಡದವರು ಹಳಬರನ್ನು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. 2023ರಲ್ಲಿ ತಮ್ಮ ಹೆಸರಾಂತ ಆಟಗಾರ ಪ್ಯಾಟ್ರಿಕ್ ಕೇನ್‌ನನ್ನು ನ್ಯೂಯಾರ್ಕಿಗೆ ಕೊಟ್ಟರು. ಅದೇ ವರ್ಷ ಮೊದಲ ಸರದಿ ಅವರಿಗೇ ಬಂದು ಕಾನರ್ ಬೆಡಾರ್ಡ್ ಎಂಬ 17 ವರ್ಷದ ಹುಡುಗ ದೊರೆತ. ಆದರೆ ಮುಂದಿನ ಎರಡು ಋತುಗಳಲ್ಲಿಯೂ ತಂಡ ಪಟ್ಟಿಯ ತಳದಲ್ಲಿಯೇ ಉಳಿಯಿತು. ಡೆಟ್ರಾಯಿಟ್ ತಂಡದ ಕಥೆ ಇನ್ನೂ ಬೋಧಪ್ರದ. 2016ರವರೆಗೆ ಸತತವಾಗಿ 25 ಋತುಗಳು ಅಂತಿಮ ಘಟ್ಟದ ಪಂದ್ಯಗಳಿಗೆ ಅರ್ಹತೆ ಪಡೆದಿದ್ದ ಆ ತಂಡ, ಒಮ್ಮೆ ಕೆಳಗಿಳಿದ ಮೇಲೆ 2017ರಿಂದ 2025ರವರೆಗೆ ಒಂದು ಸಲವೂ ಆ ಘಟ್ಟವನ್ನು ಮುಟ್ಟಲಿಲ್ಲ. ಕೆಡವುವ ಕೆಲಸ ಒಂದು ಋತುವಿನದು, ಕಟ್ಟುವುದು ಹತ್ತು ಋತುಗಳದು.

ಸೋತರೆ ಬಹುಮಾನವಿರುವ ಅಲ್ಲಿಯೇ ಹೀಗಾದರೆ, ನಮ್ಮ ಹಾಕಿಯಲ್ಲಿ ಸೋಲಿಗೆ ಬಹುಮಾನವೇ ಇಲ್ಲ ಎಂಬುದನ್ನು ನೆನಪಿಡಬೇಕು. ದೇಶದ ತಂಡ ಬೇರೆ ದೇಶದಿಂದ ಹುಡುಗನನ್ನು ತರಲಾರದು. ಒಲಿಂಪಿಕ್ಸಿಗೆ ಹೋಗುವುದು 12 ದೇಶಗಳು ಮಾತ್ರ. ಎರಡು ವರ್ಷ ಸೋತು ಕಲಿಯುತ್ತೇವೆ ಎಂದು ಕುಳಿತರೆ ಆ ಹನ್ನೆರಡರ ಪಟ್ಟಿಯಿಂದ ಹೆಸರೇ ಬಿದ್ದುಹೋಗುತ್ತದೆ. ಹಾಗೆ ಬಿದ್ದದ್ದೂ ಉಂಟು. 2008ರ ಮಾರ್ಚ್ ತಿಂಗಳಲ್ಲಿ ಚಿಲಿ ದೇಶದ ಸಾಂಟಿಯಾಗೋದಲ್ಲಿ ಗ್ರೇಟ್ ಬ್ರಿಟನ್ ನಮ್ಮನ್ನು 2-0ರಿಂದ ಸೋಲಿಸಿತು. 1928ರಿಂದ ಒಂದು ಒಲಿಂಪಿಕ್ಸನ್ನೂ ತಪ್ಪಿಸದಿದ್ದ ಭಾರತದ ಹಾಕಿ ತಂಡ ಆ ವರ್ಷ ಬೀಜಿಂಗಿಗೆ ಹೋಗಲಿಲ್ಲ.

ಇನ್ನು ವಯಸ್ಸಿನ ವಿಚಾರ. ಹಾಕಿಯಲ್ಲಿ ಎಲ್ಲರಿಗೂ ವಯಸ್ಸು ಒಂದೇ ರೀತಿ ಆಗುವುದಿಲ್ಲ. 2014ರವರೆಗೆ ಅಂತರರಾಷ್ಟ್ರೀಯ ಪಂದ್ಯವೆಂದರೆ 35 ನಿಮಿಷಗಳ ಎರಡು ಅವಧಿ. ಆ ವರ್ಷದಿಂದ 15 ನಿಮಿಷಗಳ ನಾಲ್ಕು ಅವಧಿಗಳಾದವು. ಪಂದ್ಯ ನಡೆಯುತ್ತಿರುವಾಗಲೇ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ಇದರ ಪರಿಣಾಮವೇನು? ಮುಂದೆ ಆಡುವ ಫಾರ್ವರ್ಡ್ ಕೆಲವು ನಿಮಿಷ ಪೂರ್ತಿ ವೇಗದಲ್ಲಿ ಓಡಿ ಹೊರಗೆ ಬಂದು ಉಸಿರು ತೆಗೆದುಕೊಂಡು ಮತ್ತೆ ಓಡಬೇಕು. ಕಾಲಿನ ವೇಗ ಒಂದು ಹೆಜ್ಜೆ ಕಡಿಮೆಯಾದರೂ ಅದು ಮೊದಲು ಕಾಣುವುದು ಆತನಲ್ಲಿಯೇ. ಹಿಂದೆ ಆಡುವ ಬ್ಯಾಕ್‌ಗೆ ವೇಗದ ಜೊತೆಗೆ ನಿಲ್ಲುವ ಜಾಗದ ತಿಳಿವಳಿಕೆ ಮುಖ್ಯ. ಅನುಭವ ಅಲ್ಲಿ ಕಾಲಿನ ಕೊರತೆಯನ್ನು ಸ್ವಲ್ಪ ತುಂಬಿಕೊಡುತ್ತದೆ. ಪೆನಾಲ್ಟಿ ಕಾರ್ನರ್ ಹೊಡೆಯುವವನ ಬಲವಿರುವುದು ಸೊಂಟ ಮತ್ತು ಮಣಿಕಟ್ಟುಗಳಲ್ಲಿ, ಸಾವಿರಾರು ಸಲ ಮಾಡಿದ ಅಭ್ಯಾಸದಲ್ಲಿ. ಗೋಲ್‌ಕೀಪರ್ ಮಾಗುವುದೇ ತಡವಾಗಿ. ಆದ್ದರಿಂದ “ತಂಡದ ಸರಾಸರಿ ವಯಸ್ಸು ಇಷ್ಟು” ಎಂಬ ಲೆಕ್ಕ ಹೆಚ್ಚೇನೂ ಹೇಳುವುದಿಲ್ಲ. ಮೂವತ್ತನಾಲ್ಕರ ಗೋಲ್‌ಕೀಪರ್ ಆಸ್ತಿಯಾಗಿರಬಹುದು. ಅದೇ ವಯಸ್ಸಿನ ಮೂವರು ಫಾರ್ವರ್ಡ್‌ಗಳು ಭಾರವಾಗಿರಬಹುದು.

ಈ ಹಿನ್ನೆಲೆಯಲ್ಲಿ ನಮ್ಮ ತಂಡದ ಬಾಳಿನ ಮೂರು ಘಟ್ಟಗಳನ್ನು ನೋಡಿ.

ಮೊದಲನೆಯದು ನಿಜವಾಗಿ ತಳಪಾಯವೇ ಬದಲಾದ ಕಾಲ. 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ಭಾರತ ವಿಶ್ವಕಪ್ ಗೆದ್ದಿತು. ಆ ಪಂದ್ಯದ ವಿವರಣೆಯನ್ನು ರೇಡಿಯೋದಲ್ಲಿ ಕೇಳಿದ ನೆನಪು ಅನೇಕ ಮನೆಗಳಲ್ಲಿದೆ. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರು. ಮರುವರ್ಷ ಮಾಂಟ್ರಿಯಲ್ ಒಲಿಂಪಿಕ್ಸಿಗೆ ಹೆಚ್ಚುಕಡಿಮೆ ಅದೇ ತಂಡ ಹೋಯಿತು. ವರ್ಷವೊಂದರಲ್ಲಿ ಯಾರಿಗೂ ಮುಪ್ಪು ಬರಲಿಲ್ಲ. ಆದರೂ ಸ್ಥಾನ ಏಳನೆಯದು. ಕಾರಣ, ಒಲಿಂಪಿಕ್ಸಿನಲ್ಲಿ ಮೊದಲ ಸಲ ಹುಲ್ಲಿನ ಬದಲು ಕೃತಕ ಹಾಸಿನ ಮೇಲೆ ಆಟ ನಡೆಯಿತು. ಹುಲ್ಲಿನ ಮೇಲೆ ಚೆಂಡನ್ನು ಕೋಲಿನ ತುದಿಯಲ್ಲಿ ಆಡಿಸುತ್ತ ಎದುರಾಳಿಯನ್ನು ತಪ್ಪಿಸಿಕೊಂಡು ಹೋಗುವ ಕಲೆಗೆ ಅಲ್ಲಿ ಹಿಂದಿನ ಬೆಲೆ ಉಳಿಯಲಿಲ್ಲ. ವೇಗ, ದಮ್ಮು, ಗಟ್ಟಿ ಹೊಡೆತಗಳ ಬೆಲೆ ಏರಿತು. ಇಂಥ ಹೊತ್ತಿನಲ್ಲಿ ಇಬ್ಬರನ್ನು ಬದಲಿಸಿ ಪ್ರಯೋಜನವಿಲ್ಲ. 1980ರಲ್ಲಿ ಮಾಸ್ಕೋಗೆ ಹೋದ ತಂಡದಲ್ಲಿ ಬಹುಪಾಲು ಹೊಸಬರೇ ಇದ್ದರು. ಕೊಡಗಿನ ಮನೆತನದ ಎಂ.ಎಂ. ಸೋಮಯ್ಯ ಅವರಲ್ಲಿ ಒಬ್ಬರು. ಹಲವು ಬಲಿಷ್ಠ ದೇಶಗಳು ಆ ಒಲಿಂಪಿಕ್ಸಿಗೆ ಬಂದಿರಲಿಲ್ಲ ಎಂಬುದು ನಿಜ. ಆದರೂ ಚಿನ್ನ ಬಂದದ್ದು ಹೊಸಬರ ತಂಡದಿಂದ. ಆಟದ ನೆಲವೇ ಬದಲಾದಾಗ ಕೆಡವಿ ಕಟ್ಟುವುದೇ ಸರಿ.

ಎರಡನೆಯದು ತಳಪಾಯ ಗಟ್ಟಿಯಾಗಿದ್ದಾಗಲೇ ಗೋಡೆ ಕಿತ್ತ ಕಾಲ. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಭಾರತ 32 ವರ್ಷಗಳ ಮೇಲೆ ಹಾಕಿಯ ಚಿನ್ನ ಗೆದ್ದಿತು. ದಕ್ಷಿಣ ಕೊರಿಯಾದೊಡನೆ ಅಂತಿಮ ಪಂದ್ಯ ಸಮವಾಗಿ, ಪೆನಾಲ್ಟಿ ಹೊಡೆತಗಳಲ್ಲಿ ತೀರ್ಮಾನವಾಗಬೇಕಾಯಿತು. ಬೆಂಗಳೂರಿನ ಗೋಲ್‌ಕೀಪರ್ ಆಶಿಶ್ ಬಲ್ಲಾಳ್ ಎರಡು ಹೊಡೆತಗಳನ್ನು ತಡೆದರು. ನಾಯಕ ಧನರಾಜ್ ಪಿಳ್ಳೈ ಆಗ ಮೂವತ್ತು ವರ್ಷದವರು. ಗೆದ್ದು ಬಂದ ತಂಡಕ್ಕೆ ಆದದ್ದೇನು? ಪಿಳ್ಳೈ ಹಾಗೂ ಇನ್ನೂ ಆರು ಮಂದಿ ಹಿರಿಯರನ್ನು ಮುಂದಿನ ತಂಡಕ್ಕೆ ಆರಿಸಲಿಲ್ಲ, ತರಬೇತುದಾರ ಎಂ.ಕೆ. ಕೌಶಿಕರೂ ಹೋದರು. ಹಿರಿಯರಿಗೆ ವಿಶ್ರಾಂತಿ ಕೊಟ್ಟಿದ್ದೇವೆ ಎಂಬುದು ಅಧಿಕೃತ ಕಾರಣ. ಭತ್ಯೆ, ಸೌಕರ್ಯಗಳ ಬಗ್ಗೆ ಆಟಗಾರರು ಬಾಯಿ ಬಿಟ್ಟದ್ದೇ ನಿಜವಾದ ಕಾರಣ ಎಂದು ಹಲವರು ನಂಬಿದರು. ಕಾರಣ ಯಾವುದೇ ಇರಲಿ, ಏಳು ಸ್ಥಾನಗಳು ಒಟ್ಟಿಗೆ ತೆರವಾದವು. ಪಿಳ್ಳೈಯವರನ್ನು ಮತ್ತೆ ಕರೆಯಬೇಕಾಯಿತು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಪೋಲೆಂಡಿನ ಮೇಲೆ ಒಂದು ಗೋಲಿನಿಂದ ಮುಂದಿದ್ದ ನಮ್ಮ ತಂಡ, ಪಂದ್ಯ ಮುಗಿಯುವ ಹೊತ್ತಿಗೆ ಗೋಲು ಬಿಟ್ಟುಕೊಟ್ಟು ಸೆಮಿಫೈನಲ್ ಕಳೆದುಕೊಂಡಿತು. ಮತ್ತೆ ಏಳನೆಯ ಸ್ಥಾನ.

ಆದರೆ ಅದೇ ಅವಧಿಯಲ್ಲಿ ಇನ್ನೊಂದು ಕಡೆ ಒಳ್ಳೆಯ ಕೆಲಸವೂ ನಡೆದಿತ್ತು. 2001ರಲ್ಲಿ ಹೋಬಾರ್ಟ್‌ನಲ್ಲಿ ನಮ್ಮ ಕಿರಿಯರ ತಂಡ ಅರ್ಜೆಂಟೀನಾವನ್ನು 6-1ರಿಂದ ಸೋಲಿಸಿ ಕಿರಿಯರ ವಿಶ್ವಕಪ್ ಗೆದ್ದಿತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪ ಆ ತಂಡದಲ್ಲಿದ್ದರು. ಈ ಹುಡುಗರನ್ನು ಹಿರಿಯರ ಜೊತೆ ಬೆರೆಸಿದಾಗ 2003ರಲ್ಲಿ ಏಷ್ಯಾ ಕಪ್ ಮೊದಲ ಸಲ ಭಾರತಕ್ಕೆ ಬಂತು. ಅಂತಿಮ ಪಂದ್ಯದಲ್ಲಿ ಪಾಕಿಸ್ತಾನದ ಮೇಲೆ 4-2. ಆಗಲೂ ನಾಯಕ ಧನರಾಜ್ ಪಿಳ್ಳೈ, ವಯಸ್ಸು ಮೂವತ್ತೈದು. ಐದು ವರ್ಷಗಳ ಹಿಂದೆ ಬೇಡವಾಗಿದ್ದವರೇ ಹುಡುಗರ ನಡುವೆ ನಿಂತು ಕಪ್ ಎತ್ತಿದರು.

ಮೂರನೆಯ ಘಟ್ಟ ಹತ್ತಿರದ್ದು; ಎಲ್ಲಕ್ಕಿಂತ ಹೆಚ್ಚು ಕಲಿಸುವಂಥದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮ ತಂಡ ಎಲ್ಲ ಪಂದ್ಯಗಳನ್ನೂ ಸೋತು 12ನೆಯ, ಅಂದರೆ ಕೊನೆಯ ಸ್ಥಾನಕ್ಕೆ ಬಿತ್ತು. 2016ರ ರಿಯೋದಲ್ಲಿ ಎಂಟನೆಯದಾಯಿತು. ಅಲ್ಲಿಂದ ಐದು ವರ್ಷಕ್ಕೆ, 2021ರಲ್ಲಿ ನಡೆದ ಟೋಕಿಯೋ ಕ್ರೀಡೆಗಳಲ್ಲಿ ಕಂಚು. ಜರ್ಮನಿಯ ಎದುರು 1-3ರಿಂದ ಹಿಂದಿದ್ದು 5-4ರಿಂದ ಗೆದ್ದು, 41 ವರ್ಷಗಳ ಮೇಲೆ ಬಂದ ಪದಕ. 2024ರ ಪ್ಯಾರಿಸ್‌ನಲ್ಲಿ ಸ್ಪೇನಿನ ಮೇಲೆ 2-1ರ ಗೆಲುವು, ಮತ್ತೊಂದು ಕಂಚು.

ಈ ಏರಿಕೆ ಹೇಗಾಯಿತೆಂದು ತಿಳಿಯಲು ತಂಡದ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಟೋಕಿಯೋದ 16 ಆಟಗಾರರಲ್ಲಿ 10 ಮಂದಿಗೆ ಅದೇ ಮೊದಲ ಒಲಿಂಪಿಕ್ಸ್. ಕೆಡವಿ ಕಟ್ಟಿದ ಹಾಗೆ ಕಾಣುತ್ತದೆ, ಅಲ್ಲವೆ? ಆದರೆ ಉಳಿದ ಆರು ಮಂದಿ ಎಲ್ಲೆಲ್ಲಿದ್ದರು ನೋಡಿ: ಗೋಲಿನಲ್ಲಿ ಪಿ.ಆರ್. ಶ್ರೀಜೇಶ್, ಹಿಂಬದಿಯಲ್ಲಿ ರೂಪಿಂದರ್ ಪಾಲ್ ಸಿಂಗ್, ಹರ್ಮನ್‌ಪ್ರೀತ್ ಸಿಂಗ್, ಸುರೇಂದರ್ ಕುಮಾರ್, ಬೀರೇಂದ್ರ ಲಾಕ್ರಾ, ನಡುವೆ ನಾಯಕ ಮನ್‌ಪ್ರೀತ್ ಸಿಂಗ್. ಬೆನ್ನುಮೂಳೆ ಹಳೆಯದು, ಕೈಕಾಲು ಹೊಸದು. ಮುಂದಿನ ಸಾಲಿನಲ್ಲಿ ಓಡುವವರೆಲ್ಲ ಒಲಿಂಪಿಕ್ಸಿಗೆ ಹೊಸಬರು. ಪದಕ ಬಂದ ಮೇಲೆ ರೂಪಿಂದರ್ ಮತ್ತು ಲಾಕ್ರಾ ಮೂವತ್ತರ ಆಸುಪಾಸಿನಲ್ಲಿಯೇ ತಾವಾಗಿ ನಿವೃತ್ತರಾದರು. ಪ್ಯಾರಿಸ್ ಹೊತ್ತಿಗೆ 11 ಮಂದಿ ಹಳಬರು, ಐವರು ಮಾತ್ರ ಹೊಸಬರು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಸ್ಥಾನ ನೋಡಿ ಬದಲಾವಣೆ.

ಇದರೊಳಗೆ ಇನ್ನೊಂದು ಸೂಕ್ಷ್ಮವಿದೆ. ರಿಯೋದ ತಂಡದಲ್ಲಿ ಪೆನಾಲ್ಟಿ ಕಾರ್ನರ್ ಹೊಡೆಯಬಲ್ಲವರು ಮೂವರಿದ್ದರು: ಕೊಡಗಿನ ವಿ.ಆರ್. ರಘುನಾಥ್, ಪಂಜಾಬಿನ ರೂಪಿಂದರ್, ಮತ್ತು 20 ವರ್ಷದ ಹುಡುಗ ಹರ್ಮನ್‌ಪ್ರೀತ್. ರಘುನಾಥ್ ಹೋದಾಗ ರೂಪಿಂದರ್ ಇದ್ದರು. ರೂಪಿಂದರ್ ಹೋದಾಗ ಹರ್ಮನ್‌ಪ್ರೀತ್ ಪೂರ್ತಿ ಪಳಗಿದ್ದರು. ಪ್ಯಾರಿಸ್‌ನಲ್ಲಿ ಆತ ಹತ್ತು ಗೋಲು ಹೊಡೆದರು. ಗೋಲಿನಲ್ಲಿಯೂ ಹಾಗೆಯೇ. ಶ್ರೀಜೇಶ್ 2006ರಲ್ಲಿಯೇ ದೇಶದ ತಂಡಕ್ಕೆ ಬಂದವರು. ಆದರೆ ಹಲವು ವರ್ಷ ಹಿರಿಯ ಗೋಲ್‌ಕೀಪರುಗಳ ಹಿಂದೆ ಕಾದು ಕಲಿತರು. 36ನೆಯ ವಯಸ್ಸಿನಲ್ಲಿ ಪ್ಯಾರಿಸ್‌ನಲ್ಲಿ ಅವರು ಕೋಲು ಕೆಳಗಿಟ್ಟಾಗ, ವರ್ಷಗಟ್ಟಲೆ ಅವರ ಹಿಂದೆ ಕಾದಿದ್ದ ಕ್ರಿಶನ್ ಪಾಠಕ್ ಸಿದ್ಧರಿದ್ದರು. ಶ್ರೀಜೇಶ್ ಅಲ್ಲಿಂದ ನೇರವಾಗಿ ಕಿರಿಯರ ತಂಡದ ತರಬೇತುದಾರರಾದರು. ಇದನ್ನೇ ನಾನು ದುರಸ್ತಿ ಎನ್ನುವುದು. ಸವೆದ ಭಾಗವನ್ನು ಕಿತ್ತೆಸೆದು ಆಮೇಲೆ ಬೇರೆಯದನ್ನು ಹುಡುಕುವುದಲ್ಲ. ಅದು ಸವೆಯುವ ಮೊದಲೇ ಇನ್ನೊಂದನ್ನು ಪಕ್ಕದಲ್ಲಿಟ್ಟು ಪಳಗಿಸುವುದು.

ಹಳಬರನ್ನು ಬಿಡದೆ ಹಿಡಿದುಕೊಂಡರೂ ಅಪಾಯವೇ. ಬೆಲ್ಜಿಯಂ ಒಂದು ಅಸಾಧಾರಣ ಪೀಳಿಗೆಯ ಬಲದಿಂದ 2016ರಲ್ಲಿ ಒಲಿಂಪಿಕ್ ಬೆಳ್ಳಿ, 2018ರಲ್ಲಿ ವಿಶ್ವಕಪ್, ಟೋಕಿಯೋದಲ್ಲಿ ಚಿನ್ನ ಗಳಿಸಿತು. ಅದೇ ಪೀಳಿಗೆಯ ಅನೇಕರನ್ನು ನೆಚ್ಚಿಕೊಂಡು ಪ್ಯಾರಿಸ್‌ಗೆ ಬಂದಾಗ ಕ್ವಾರ್ಟರ್ ಫೈನಲ್ಲಿನಲ್ಲಿಯೇ ಸ್ಪೇನಿಗೆ ಸೋತಿತು. ಕೃತಜ್ಞತೆ ಒಳ್ಳೆಯ ಗುಣ. ತಂಡದ ಆಯ್ಕೆಗೆ ಅದೊಂದೇ ಆಧಾರವಾಗಬಾರದು.

ವಾಚಕರೆ, ಇಲ್ಲಿಯವರೆಗೆ ದೇಶದ ಮಾತಾಯಿತು. ಈಗ ನಮ್ಮ ಮನೆಯ ಮಾತಿಗೆ ಬರೋಣ. ರಿಯೋದ 16 ಮಂದಿಯಲ್ಲಿ ನಾಲ್ವರು ಕೊಡಗಿನವರು: ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕಿನ್ ತಿಮ್ಮಯ್ಯ. ಕಾಲು ಭಾಗ ತಂಡ! ಟೋಕಿಯೋದ ಪುರುಷರ ತಂಡದಲ್ಲಿ ಕರ್ನಾಟಕದವರು ಒಬ್ಬರೂ ಇಲ್ಲ. ಪ್ಯಾರಿಸ್‌ನಲ್ಲಿಯೂ ಇಲ್ಲ. ಸುನಿಲ್ 264 ಪಂದ್ಯಗಳನ್ನು ಆಡಿ 72 ಗೋಲು ಹೊಡೆದ ಫಾರ್ವರ್ಡ್. ಟೋಕಿಯೋಗೆ ಆಯ್ಕೆಯಾಗದೆ 2021ರ ಅಕ್ಟೋಬರಿನಲ್ಲಿ, 32ನೆಯ ವಯಸ್ಸಿನಲ್ಲಿ ನಿವೃತ್ತರಾದರು. ಫಾರ್ವರ್ಡ್ ಒಬ್ಬನಿಗೆ ಆ ವಯಸ್ಸಿನಲ್ಲಿ ಜಾಗ ತಪ್ಪುವುದು ಅನ್ಯಾಯವೆಂದು ಹೇಳಲಾಗದು. ನೋವಿನ ಸಂಗತಿ ಬೇರೆ: ಅದೇ ಸೋಮವಾರಪೇಟೆಯ ಹಾಲಪ್ಪನವರ ಹಿಂದೆ ಸುನಿಲ್ ಇದ್ದ ಹಾಗೆ, ಸುನಿಲರ ಹಿಂದೆ ನಮ್ಮ ನಾಡಿನ ಹುಡುಗನೊಬ್ಬ ಆ ಹೊತ್ತಿಗೆ ಸಿದ್ಧನಾಗಿರಲಿಲ್ಲ.

ವಿಚಿತ್ರವೆಂದರೆ, ಟೋಕಿಯೋಗೆ ಮುನ್ನ ದೇಶದ ತಂಡ ತಿಂಗಳುಗಟ್ಟಲೆ ಶಿಬಿರ ಹೂಡಿ ತಯಾರಾದದ್ದು ಬೆಂಗಳೂರಿನಲ್ಲಿ, ಜ್ಞಾನಭಾರತಿ ಆವರಣದ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ. ಮೈಸೂರಿನಿಂದ ಹೊರಟ ರೈಲು ಆ ಸುತ್ತಿನಲ್ಲಿಯೇ ಬೆಂಗಳೂರನ್ನು ಹೊಗುತ್ತದೆ. ಅಂಗಳ ನಮ್ಮದು, ಆಡುವ ಮಕ್ಕಳು ಬೇರೆಯವರು.

ಆಟದ ಮೇಲಿನ ಒಲವು ಬತ್ತಿತೆಂದು ಯಾರೂ ಹೇಳಲಾರರು. ನಮ್ಮ ಉದಯಗಿರಿಯಿಂದ ಪಡುವಣ ದಿಕ್ಕಿಗೆ ಹುಣಸೂರು, ಪಿರಿಯಾಪಟ್ಟಣ ದಾಟಿ ಹೋದರೆ ಕೊಡಗು. ಅಲ್ಲಿ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಮೊದಲ ವರ್ಷ ಬಂದ ತಂಡಗಳು 60. 2024ರಲ್ಲಿ ನಾಪೋಕ್ಲುವಿನಲ್ಲಿ ಸೇರಿದ್ದು 360. ತಾತ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಕೋಲು ಹಿಡಿಯುವ ಹಬ್ಬವದು. ಆದರೆ ಹಬ್ಬದ ಅಂಗಳದಿಂದ ಅಂತರರಾಷ್ಟ್ರೀಯ ಅಂಗಳಕ್ಕೆ ದಾರಿ ಉದ್ದ. ಚಿಕ್ಕ ವಯಸ್ಸಿನಿಂದ ಕೃತಕ ಹಾಸಿನ ಮೇಲೆ ನಿತ್ಯ ಅಭ್ಯಾಸ ಬೇಕು, ಓದು ಮತ್ತು ಊಟಗಳ ಚಿಂತೆಯಿಲ್ಲದ ವಸತಿಶಾಲೆ ಬೇಕು, ಆಡಿ ದಣಿದ ಹಿರಿಯರು ಅಲ್ಲಿಗೆ ಬಂದು ಕಲಿಸಬೇಕು. ಒಡಿಶಾದ ಸುಂದರ್‌ಗಢ ಜಿಲ್ಲೆಯನ್ನು ನೋಡಿ. ದಿಲೀಪ್ ತಿರ್ಕಿ ಹುಟ್ಟಿದ ಸೌನಾಮಾರಾ ಗ್ರಾಮದಿಂದಲೇ ಅಮಿತ್ ರೋಹಿದಾಸ್ ಬಂದರು. ಅದೇ ಜಿಲ್ಲೆಯಿಂದ ಬೀರೇಂದ್ರ ಲಾಕ್ರಾ. ಮೂವರೂ ಹಿಂಬದಿಯ ಆಟಗಾರರು. ಒಬ್ಬರು ಇಳಿಯುವ ಮೊದಲೇ ಮತ್ತೊಬ್ಬರು ಬೆಳೆದರು. ಕರ್ನಾಟಕದ ಹಾಕಿಗೆ ಆದದ್ದು ಕೆಡವಿ ಕಟ್ಟಿದ್ದೂ ಅಲ್ಲ, ದುರಸ್ತಿಯೂ ಅಲ್ಲ. ಇದ್ದ ಮನೆಯಲ್ಲಿ ಇದ್ದಷ್ಟು ದಿನ ಇದ್ದೆವು, ಅಷ್ಟೆ. ಬೆಂಗಳೂರಿನ ಮೊಹಮ್ಮದ್ ರಾಹೀಲ್‌ನಂಥ ತರುಣರು ದೇಶದ ತಂಡಕ್ಕೆ ಬಂದಿರುವುದು ಸಂತೋಷದ ವಿಷಯ. ಆದರೆ ಒಬ್ಬೊಬ್ಬರು ಬಂದರೆ ಸಾಲು ಆಗುವುದಿಲ್ಲ.

ಹಾಗಾದರೆ ಮುಂದಿನ ಸಲ ತಂಡದ ಪಟ್ಟಿ ಪ್ರಕಟವಾದಾಗ ನೀವು ಏನು ನೋಡಬೇಕು? ಮೂರು ಪ್ರಶ್ನೆ ಕೇಳಿಕೊಳ್ಳಿ. ಆಟದ ನೆಲ ಅಥವಾ ನಿಯಮ ಬುಡಸಹಿತ ಬದಲಾಗಿದೆಯೆ? ಹೌದಾದರೆ ಕೆಡವಿ ಕಟ್ಟುವ ಮಾತಿಗೆ ಬೆಲೆಯಿದೆ. ಬೆನ್ನುಮೂಳೆಯ ಸ್ಥಾನಗಳಾದ ಗೋಲು, ಹಿಂಬದಿ, ನಡುಭಾಗಗಳಲ್ಲಿ ನಂಬಬಹುದಾದವರಿದ್ದಾರೆಯೆ? ಇದ್ದರೆ ದುರಸ್ತಿ ಸಾಕು; ವೇಗ ಬೇಕಾದ ಕಡೆ ಹುಡುಗರನ್ನು ತನ್ನಿ. ಕೊನೆಯದಾಗಿ, ಪ್ರತಿ ಹಿರಿಯನ ಹಿಂದೆ ಯಾರು ಕಾದಿದ್ದಾರೆ? ಈ ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಹಿರಿಯನನ್ನು ಬೈದು ಫಲವಿಲ್ಲ. ಆತ ಇಳಿದ ಜಾಗ ಬರಿದಾಗಿಯೇ ಉಳಿಯುತ್ತದೆ.

ಆ ಜಾಗವನ್ನು ತುಂಬುವ ಕೆಲಸ ಆಯ್ಕೆಗಾರರದು ಮಾತ್ರವಲ್ಲ. ನಿಮ್ಮ ಮಗನೋ ಮಗಳೋ ಶಾಲೆಯಿಂದ ಬಂದು ಹಾಕಿ ಕೋಲು ಬೇಕೆಂದರೆ “ಪರೀಕ್ಷೆ ಮುಗಿಯಲಿ” ಎಂದು ವರ್ಷದಿಂದ ವರ್ಷಕ್ಕೆ ಮುಂದೂಡಬೇಡಿ. ಹತ್ತು ಹನ್ನೆರಡು ವರ್ಷದ ಮೇಲೆ ಯಾವ ಹಿರಿಯನ ಹಿಂದೆ ಯಾರು ನಿಂತಿರುತ್ತಾರೆ ಎಂಬುದು ಆ ಸಂಜೆಗಳಲ್ಲಿಯೇ ನಿರ್ಧಾರವಾಗುತ್ತದೆ.